ಹಸಿರು ಶಾಯಿಯ ತಿದ್ದುಪಡಿ

ತರಬೇತಿಯ ನಾಲ್ಕನೆಯ ದಿನದ ಪಟ್ಟಿಯಲ್ಲಿ ಹನ್ನೊಂದು ಗಂಟೆಗೆ ‘ಸ್ನಾಪ್‌ಶಾಟ್’ ಎಂದಿತ್ತು. ಅದನ್ನು ಅವನು ಸೋಮವಾರವೇ ನೋಡಿದ್ದ, ಮಂಗಳವಾರ ಮತ್ತೆ ನೋಡಿದ್ದ, ಬುಧವಾರ ಪಟ್ಟಿಯನ್ನು ಮಡಚಿ ಜೇಬಿನ ತಳಕ್ಕೆ ತುರುಕಿದ್ದ. ಮಡಚಿಟ್ಟರೆ ಗುರುವಾರ ಬರುವುದಿಲ್ಲವೇ? ಬಂತು. ಬೆಳಿಗ್ಗೆ ಹಲ್ಲುಜ್ಜುತ್ತ, ಜ್ವರ ಎಂದು ಹೇಳಿಬಿಟ್ಟರೆ ಹೇಗೆ ಎಂದು ಯೋಚಿಸಿ, ಕನ್ನಡಿಯ ಮುಂದೆ ಒಂದೆರಡು ಸಲ ಕೆಮ್ಮಿಯೂ ನೋಡಿದ. ಐವತ್ತೊಂದು ವರ್ಷದ ಗಂಡಸು ಶಾಲೆ ತಪ್ಪಿಸುವವರ ಹಾಗೆ ಕೆಮ್ಮುವುದು ಅವನ ಕಿವಿಗೇ ಅಸಹ್ಯವಾಗಿ ಕೇಳಿತು. ಅಡುಗೆಮನೆಯಿಂದ ಹೆಂಡತಿ, "ಏನದು, ಗಂಟಲಲ್ಲಿ ಏನಾದ್ರೂ ಸಿಕ್ಕೊಂಡಿದ್ಯಾ?" ಎಂದಳು. ಸಿಕ್ಕಿಕೊಂಡಿತ್ತು, ಎಂಟು ವರ್ಷದಿಂದ. "ಏನಿಲ್ಲ" ಎಂದು ಬಾಯಿ ಮುಕ್ಕಳಿಸಿದ.

ಆಫೀಸಿನಲ್ಲಿ ಅವನನ್ನು ಎಲ್ಲರೂ ದೊಡ್ಡಣ್ಣ ಎನ್ನುತ್ತಿದ್ದರು. ಹಲವು ಆಸ್ಪತ್ರೆಗಳ ರಕ್ತಪರೀಕ್ಷೆ, ಎಕ್ಸ್‌ರೇ ವರದಿಗಳನ್ನು ಇಟ್ಟುಕೊಂಡ ಸರ್ವರ್‌ಗಳ ಆಫೀಸು ಅದು. ಆ ತಣ್ಣನೆಯ ಕೋಣೆಯ ಬಾಗಿಲಲ್ಲಿ ಇಪ್ಪತ್ತಮೂರು ವರ್ಷ ಕುರ್ಚಿ ಸವೆಸಿದವನಿಗೆ ಈಗ ಹೊಸ ಮ್ಯಾನೇಜರು, ಸರ್ವರ್ ವರ್ಚುವಲೈಸೇಶನ್‌ನಲ್ಲಿ ಪ್ರಮಾಣಪತ್ರ ಇಲ್ಲದವರು ಬರುವ ತಿಂಗಳಿಂದ ಸರ್ವರ್ ಮುಟ್ಟುವ ಹಾಗಿಲ್ಲ, ಉಗ್ರಾಣದಲ್ಲಿ ಕೇಬಲ್ ಎಣಿಸಬೇಕು ಎಂದಿದ್ದರು. ಅವನು ಒಮ್ಮೆ ಪರೀಕ್ಷೆಗೆ ಕೂತು ನಪಾಸಾಗಿದ್ದ. ಆ ವಿಷಯ ಮನೆಯಲ್ಲಿ ಹೇಳಿರಲಿಲ್ಲ. ಮತ್ತೆ ಕೂರಬೇಕಾದರೆ ಐದು ದಿನದ ತರಬೇತಿ ಮುಗಿಸಿ, ಕಲಿಸಿದವರ ಸಹಿ ಹಾಕಿಸಿಕೊಂಡು ಬರಬೇಕಿತ್ತು. ಹೀಗೆ ಸೋಮವಾರ ಮೂರನೆಯ ಮಹಡಿ ಹತ್ತಿ ಏದುಸಿರು ಬಿಡುತ್ತ ನಿಂತಾಗ, ಬೀಗ ತೆಗೆಯುತ್ತಿದ್ದ ತರಬೇತಿಯ ಮೇಡಂ ತಿರುಗಿ ನೋಡಿ, "ಅಯ್ಯೋ, ಅಣ್ಣಾ! ನೀವಾ?" ಎಂದಳು. ಅವಳ ಮುಖ ಅರಳಿದ್ದನ್ನು ನೋಡಿ ಅವನಿಗೆ ಅಲ್ಲಿಂದಲೇ ಮೆಟ್ಟಿಲು ಇಳಿದು ಓಡಿಹೋಗಬೇಕೆನಿಸಿತು.

"ನನಗೆ ಈ ಕೆಲಸ ಕಲಿಸಿದವರು ಇವರು" ಎಂದು ಅವಳು ಹನ್ನೊಂದು ಜನರ ಮುಂದೆ ಹೇಳಿದಳು. ಹನ್ನೊಂದು ಜನ ತಿರುಗಿ ನೋಡಿದರು. ಪಕ್ಕದ ಕುರ್ಚಿಯ ಟೋಪಿಯವನು, ಯಾವುದೋ ಬ್ಯಾಂಕಿನ ಸರ್ವರ್ ನೋಡಿಕೊಳ್ಳುವ ತರುಣ, "ಹಾಗಾದ್ರೆ ನೀವ್ಯಾಕೆ ಸಾರ್ ಈ ಕಡೆ ಕೂತಿದೀರಿ?" ಎಂದು ನಕ್ಕ. ಎಲ್ಲರೂ ನಕ್ಕರು. ಅವನೂ ನಕ್ಕ. ನಗುವಾಗಲೇ ಅವನ ಕಣ್ಣು ಮೇಡಂ ಕೈಯ ಮೇಲಿತ್ತು. ಅವಳು ಪ್ರೊಜೆಕ್ಟರಿನ ಸ್ವಿಚ್ಚು ಒತ್ತಿ, ಒತ್ತಿದ್ದು ಸರಿಯೇ ಎಂದು ಬೆರಳಿಟ್ಟು ನೋಡಿ, ಎರಡು ಹೆಜ್ಜೆ ಹೋಗಿ, ತಿರುಗಿ ಬಂದು ಮತ್ತೆ ಬೆರಳಿಟ್ಟಳು. ಬಿಳಿಹಲಗೆಯ ಕೆಳಗಿನ ಪೆನ್ನುಗಳನ್ನು ಎಣಿಸಿದಳು, ನಾಲ್ಕು. ಬಿಡುವಿನಲ್ಲಿ ಕಿಟಕಿಯ ಬಳಿ ಹೋಗಿ ಮನೆಗೆ ಫೋನ್ ಮಾಡಿ, "ಅಮ್ಮಾ, ಇಸ್ತ್ರಿಪೆಟ್ಟಿಗೆ ಆಫ್ ಇದ್ಯಾ ಸ್ವಲ್ಪ ನೋಡು. ಗೊತ್ತಮ್ಮಾ, ಆದ್ರೂ ನೋಡು" ಎಂದಳು. ಸಂಜೆ ಬೀಗ ಹಾಕಿ ಮೂರು ಸಲ ಜಗ್ಗಿ, ಒಂದು ಮಹಡಿ ಇಳಿದು, ನಿಂತು, ಮತ್ತೆ ಹತ್ತಿ ಹೋಗಿ ಜಗ್ಗಿದಳು. ಅಚ್ಚುಕಟ್ಟಿನ ಹೆಂಗಸು ಎಂದುಕೊಂಡ ದೊಡ್ಡಣ್ಣ. ಹಾಗೆಂದುಕೊಳ್ಳುವುದು ಅವನಿಗೆ ಅನುಕೂಲವಾಗಿತ್ತು. ಎಂಟು ವರ್ಷದ ಹಿಂದೆ ಇವಳೇ, ಇಪ್ಪತ್ತಾರು ವರ್ಷದ ಹುಡುಗಿ, ಹೆಗಲಿಗೆ ಚೀಲ ಸಿಕ್ಕಿಸಿಕೊಂಡು, ಮೇಜಿನ ಡ್ರಾಯರನ್ನು ಕಾಲಲ್ಲಿ ಒದ್ದು ಮುಚ್ಚಿ, ಹಿಂತಿರುಗಿ ಕೂಡ ನೋಡದೆ ಮನೆಗೆ ಓಡುತ್ತಿದ್ದುದು ಅವನಿಗೆ ಚೆನ್ನಾಗಿ ನೆನಪಿತ್ತು.

ಈಗ ಹನ್ನೊಂದು ಗಂಟೆ. ಮೇಡಂ ಹಲಗೆಯ ಮೇಲೆ ಒಂದು ದೊಡ್ಡ ಚೌಕ, ಅದರೊಳಗೆ ಸಣ್ಣ ಸಣ್ಣ ಚೌಕ ಬರೆದಳು. ಒಂದು ನಿಜವಾದ ಸರ್ವರಿನೊಳಗೆ ನಲವತ್ತು ವರ್ಚುವಲ್ ಯಂತ್ರಗಳು. ಒಂದೊಂದೂ ಇಡೀ ಮನೆ ತನ್ನದೇ ಎಂದುಕೊಂಡಿರುತ್ತದೆ, ಅಡುಗೆಮನೆ ಎಲ್ಲರಿಗೂ ಒಂದೇ ಎಂಬುದು ಯಾವುದಕ್ಕೂ ಗೊತ್ತಿಲ್ಲ. ಒಂದು ಯಂತ್ರಕ್ಕೆ ಏನಾದರೂ ಬದಲಾವಣೆ ಮಾಡುವ ಮುಂಚೆ ಸ್ನಾಪ್‌ಶಾಟ್ ತೆಗೆದುಕೊಳ್ಳುತ್ತೀರಿ, ಈ ಕ್ಷಣ ಯಂತ್ರ ಹೀಗಿತ್ತು ಎಂದು ಹಿಡಿದಿಡುತ್ತೀರಿ. ಕೆಲಸ ಕೆಟ್ಟರೆ ಆ ಕ್ಷಣಕ್ಕೆ ವಾಪಸು ಹೋಗಬಹುದು. ಕೆಲಸ ಸರಿಯಾದರೆ ಸ್ನಾಪ್‌ಶಾಟನ್ನು ಅಳಿಸಬೇಕು. ಅಳಿಸದೆ ಬಿಟ್ಟರೆ? ಅವಳು ಪೆನ್ನಿನ ತುದಿಯಿಂದ ದೊಡ್ಡಣ್ಣನನ್ನು ತೋರಿಸಿ, "ಅಣ್ಣಾ, ನೀವು ಹೇಳಿ" ಎಂದಳು. ಪ್ರೀತಿಯಿಂದಲೇ ಕೇಳಿದ್ದು. "ಬೆಳೀತಾ ಹೋಗುತ್ತೆ" ಎಂದ. "ಆಮೇಲೆ?" "ಡಿಸ್ಕ್ ತುಂಬುತ್ತೆ." "ಆಮೇಲೆ?" ಆಮೇಲೆ ಅಡುಗೆಮನೆಯಲ್ಲಿ ಕಾಲಿಡಲು ಜಾಗವಿಲ್ಲದೆ ನಲವತ್ತೂ ಯಂತ್ರ ಒಟ್ಟಿಗೆ ನಿಲ್ಲುತ್ತವೆ. ನಿಂತಿದ್ದವು. ಒಂಬತ್ತು ಗಂಟೆಗಳ ಕಾಲ ಆರು ಆಸ್ಪತ್ರೆಗಳಲ್ಲಿ ಜನ ವರದಿಗಾಗಿ ಬೆಂಚಿನ ಮೇಲೆ ಕಾದಿದ್ದರು. ಒಬ್ಬ ಹೆಂಗಸಿಗೆ ಮತ್ತೆ ಸೂಜಿ ಚುಚ್ಚಿ ರಕ್ತ ತೆಗೆದಿದ್ದರು. ಯಾರೂ ಸಾಯಲಿಲ್ಲವಲ್ಲ ಎಂದು ಅವನು ಎಂಟು ವರ್ಷ ತನಗೆ ತಾನೇ ಹೇಳಿಕೊಂಡು ಬಂದಿದ್ದ.

"ಇದು ಪುಸ್ತಕದ ಕಥೆಯಲ್ಲ" ಎಂದಳು ಮೇಡಂ. "ಎಂಟು ವರ್ಷದ ಹಿಂದೆ ನಾನೇ ಮಾಡಿದ ತಪ್ಪು. ಅಣ್ಣ ಅಲ್ಲೇ ಇದ್ರು, ಬೇಕಾದ್ರೆ ಕೇಳಿ." ಅವಳು ತಪ್ಪು ಮಾಡಿರಲಿಲ್ಲ. ಮಾಡಿದವನು ಅವನು. ಆ ಮಧ್ಯಾಹ್ನ ಅವನು ಪಾಸ್‌ವರ್ಡನ್ನು ಮೂರು ಸಲ ತಪ್ಪು ಒತ್ತಿ ಅವನ ಲಾಗಿನ್ ಮುಚ್ಚಿಕೊಂಡಿತ್ತು. ಅದನ್ನು ತೆರೆಸಲು ತನಗಿಂತ ಇಪ್ಪತ್ತು ವರ್ಷ ಚಿಕ್ಕವನ ಮುಂದೆ ಹೋಗಿ ನಿಲ್ಲಬೇಕಲ್ಲ ಎಂಬ ನಾಚಿಕೆಗೆ, ಊಟಕ್ಕೆ ಎದ್ದುಹೋಗಿದ್ದ ಹುಡುಗಿಯ ಕುರ್ಚಿಯಲ್ಲಿ ಕೂತ. ಅವಳು ಕಂಪ್ಯೂಟರ್ ತೆರೆದೇ ಬಿಟ್ಟು ಹೋಗಿದ್ದಳು. ಅವಳ ಲಾಗಿನ್ನಿನಲ್ಲೇ ವರದಿಗಳ ಯಂತ್ರಕ್ಕೆ ಸ್ನಾಪ್‌ಶಾಟ್ ತೆಗೆದು, ಹೊಸ ತಂತ್ರಾಂಶ ಹಾಕಿದ. ಅಷ್ಟರಲ್ಲಿ ಮಗಳ ಶಾಲೆಯಿಂದ ಫೋನ್ ಬಂತು. ಎದ್ದ. ಕುರ್ಚಿ ಇನ್ನೂ ಬೆಚ್ಚಗಿರುವಾಗಲೇ ಹುಡುಗಿ ಬಂದು ಅದರಲ್ಲಿ ಕೂತಳು. ಅಷ್ಟೇ. ಅಳಿಸುವುದನ್ನು ಮರೆತ. ಹನ್ನೆರಡು ದಿನ ಅದು ಒಳಗೊಳಗೇ ಊದಿ ಊದಿ, ಹದಿಮೂರನೆಯ ದಿನ ಎಲ್ಲ ನಿಂತುಹೋಯಿತು. ಮರೆಯುವುದು ಯಾರಿಗೂ ಆಗುವಂಥದ್ದು, ಅದಕ್ಕಾಗಿ ಅವನು ನಾಚಿರಲಿಲ್ಲ. ನಾಚಿಕೆ ಶುರುವಾದದ್ದು ಮರುದಿನ ವಿಚಾರಣೆಯ ಕೋಣೆಯಲ್ಲಿ.

ಅಂದಿನ ಮ್ಯಾನೇಜರು, ಯಾರು ಯಾವಾಗ ಏನು ಮಾಡಿದರೆಂದು ಯಂತ್ರವೇ ಬರೆದಿಡುವ ಲಾಗ್ ಓದಿದ್ದರು: ಇಂಥ ದಿನ, ಒಂದು ಗಂಟೆ ಹತ್ತು ನಿಮಿಷ, ಇವಳ ಲಾಗಿನ್, ಸ್ನಾಪ್‌ಶಾಟಿನ ಹೆಸರು ‘ಸದ್ಯಕ್ಕೆ’. ಹೆಸರು ಕೇಳಿದ್ದೇ ಅದು ಯಾರದೆಂದು ಅವನಿಗೆ ಗೊತ್ತಾಯಿತು. ತನ್ನ ಎಲ್ಲ ಸ್ನಾಪ್‌ಶಾಟಿಗೂ ಅವನು ಹಾಗೇ ಹೆಸರಿಡುತ್ತಿದ್ದ. ಹುಡುಗಿ ಹಣೆ ಉಜ್ಜಿಕೊಂಡು, "ಬಹುಶಃ ನಾನೇ ಇರ್ಬೇಕು ಸಾರ್. ಅವತ್ತು ನಾನೂ ಒಂದೆರಡು ತಗೊಂಡಿದ್ದೆ. ಅಳಿಸಿದ ನೆನಪು. ಗೊತ್ತಿಲ್ಲ" ಎಂದಳು. ಕೋಣೆ ಒಂದು ಕ್ಷಣ ಸುಮ್ಮನಿತ್ತು. ಆ ಕ್ಷಣದಲ್ಲಿ ಬಾಯಿ ತೆರೆದಿದ್ದರೆ ಮುಗಿಯುತ್ತಿತ್ತು. ಬಾಯಿ ತೆರೆದ ಕೂಡ, ಅದೇ ಅವನಿಗೆ ಇವತ್ತಿಗೂ ಸಹಿಸಲಾಗದ ಸಂಗತಿ, ತೆರೆದು, "ಹೊಸಬಳು ಸಾರ್, ಆಗುತ್ತೆ. ದೊಡ್ಡದು ಮಾಡ್ಬೇಡಿ" ಎಂದ. ಮ್ಯಾನೇಜರು ತಲೆಯಾಡಿಸಿದರು. ಹುಡುಗಿ ಕೃತಜ್ಞತೆಯಿಂದ ಕಣ್ಣು ತುಂಬಿ ಅವನ ಕಡೆ ನೋಡಿದಳು. ಆ ಸಂಜೆ ಮನೆಯಲ್ಲಿ ಹೆಂಡತಿಗೂ ಹೀಗೇ ಹೇಳಿದ, ಪಾಪದ ಹುಡುಗಿ, ನಾನು ಅಡ್ಡ ನಿಂತು ಉಳಿಸಿದೆ ಎಂದು. ಹೆಂಡತಿ ಅದನ್ನು ತನ್ನ ಅಕ್ಕನಿಗೂ ಹೇಳಿದಳು. ಅಕ್ಕ ಬಂದಾಗಲೆಲ್ಲ ಅವನ ತಟ್ಟೆಗೆ ಇನ್ನೊಂದು ಸೌಟು ಹೆಚ್ಚು ಬಡಿಸುತ್ತ, "ನಿಮ್ಮಂಥೋರು ಈಗ ಎಲ್ಲಿ ಸಿಗ್ತಾರೆ" ಎನ್ನುತ್ತಿದ್ದಳು. ಅವನು ಬೇಡ ಬೇಡ ಎನ್ನುತ್ತ ತಿನ್ನುತ್ತಿದ್ದ.

ಪರದೆಯ ಮೇಲೆ ಈಗ ಒಂದು ಕಾಗದದ ಚಿತ್ರ ಬಂತು. ಅವಳು ಅಂದು ಬರೆದ ಕ್ಷಮಾಪಣೆಯ ಪತ್ರ. ನೀಲಿ ಅಕ್ಷರ ಅವಳದು, ಅದರ ಮೇಲೆ ಹಸಿರು ಶಾಯಿಯ ತಿದ್ದು ಅವನದು. "ಇದನ್ನ ಯಾಕೆ ಇಟ್ಕೊಂಡಿದೀನಿ ಅಂದ್ರೆ" ಎಂದು ಮೇಡಂ ಕೋಲಿನಿಂದ ತೋರಿಸಿದಳು, "ನಾನು ಮೊದಲು ‘ಬಹುಶಃ ನಾನು ಮರೆತಿರಬಹುದು’ ಅಂತ ಬರೆದಿದ್ದೆ. ಅಣ್ಣ ಅದನ್ನ ಹೊಡೆದು ‘ನಾನು ಮರೆತೆ’ ಅಂತ ಮಾಡಿದ್ರು. ತಪ್ಪು ಒಪ್ಕೊಳ್ಳೋದಾದ್ರೆ ನೇರವಾಗಿ ಒಪ್ಕೋಬೇಕು, ಅಡ್ಡಗೋಡೆ ಇಟ್ಕೋಬಾರ್ದು ಅಂದ್ರು. ಅವತ್ತಿನವರೆಗೂ ನನಗೆ ಅನುಮಾನ ಇತ್ತು. ತಿದ್ದಿದ ಪತ್ರಕ್ಕೆ ಸಹಿ ಹಾಕಿದ ಮೇಲೆ ಅನುಮಾನ ಹೋಯ್ತು. ಇವತ್ತಿಗೂ ನಾನು ಕೆಲಸದಲ್ಲಿ ಎರಡು ಸಲ ನೋಡ್ತೀನಿ ಅಂದ್ರೆ ಅದು ಇದರಿಂದ. ನನ್ನ ನೆನಪಿನ ಮೇಲೆ ನನಗೆ ಕಾಸಿನಷ್ಟೂ ನಂಬಿಕೆ ಇಲ್ಲ, ಅದೇ ನನ್ನ ಬಂಡವಾಳ." ಎಲ್ಲರೂ ನಕ್ಕರು. ಮುಂದಿನ ಸಾಲಿನ ಯಾರೋ ಚಪ್ಪಾಳೆ ತಟ್ಟಲು ಶುರುಮಾಡಿದರು, ಮೇಡಂಗಲ್ಲ, ದೊಡ್ಡಣ್ಣನಿಗೆ. ಹನ್ನೊಂದು ಜನರ ಚಪ್ಪಾಳೆ. ಟೋಪಿಯವನು ಟೋಪಿ ತೆಗೆದು ಬಾಗಿದ. ಭೂಮಿ ಬಾಯಿ ಬಿಡಬಾರದೇ ಎನ್ನುತ್ತಾರಲ್ಲ, ಬಿಡಲಿಲ್ಲ. ಮೂರನೆಯ ಮಹಡಿ ಗಟ್ಟಿಯಾಗಿಯೇ ಇತ್ತು. ಅವನು ಎರಡು ಕೈ ಎತ್ತಿ ನಮಸ್ಕಾರ ಮಾಡಿದ.

ಇಸ್ತ್ರಿಪೆಟ್ಟಿಗೆ, ಪೆನ್ನು, ಸ್ವಿಚ್ಚು, ಬೀಗ. ಮೂರು ದಿನ ಅಚ್ಚುಕಟ್ಟು ಎಂದು ಹೆಸರಿಟ್ಟುಕೊಂಡು ನೋಡಿದ್ದೆಲ್ಲ ಒಂದರ ಹಿಂದೊಂದು ಬಂದು ಅವನ ಎದುರು ನಿಂತಿತು. ಅವಳು ಕೆಲಸ ಬಿಟ್ಟದ್ದು ಮೂರು ತಿಂಗಳ ಮೇಲೆ. ಬೇರೆ ಒಳ್ಳೆಯ ಕಡೆ ಸಿಕ್ಕಿರಬೇಕು ಎಂದುಕೊಂಡು ಬೀಳ್ಕೊಡುಗೆಗೆ ಅವನೇ ಮುಂದೆ ನಿಂತು ಕೇಕು ತರಿಸಿದ್ದ. ತಾನು ಅವಳ ಕೆಲಸ ಕಳೆದಿದ್ದರೆ ಹೇಗೋ ತಡೆದುಕೊಳ್ಳಬಹುದಿತ್ತು, ಕೆಲಸ ಇನ್ನೊಂದು ಸಿಗುತ್ತದೆ, ಸಿಕ್ಕಿತು. ಆದರೆ ಅವಳ ತಲೆಯೊಳಗೆ ಕೈಹಾಕಿ ಅಳಿಸಿದ ನೆನಪನ್ನು ಮರೆತ ನೆನಪು ಮಾಡಿಟ್ಟಿದ್ದ. ದಿನಕ್ಕೆ ಮೂರು ಸಲ ಜಗ್ಗಿದರೆ ಎಂಟು ವರ್ಷಕ್ಕೆ ಎಷ್ಟು ಸಲ ಜಗ್ಗಿರಬಹುದು ಎಂದು ಲೆಕ್ಕ ಹಾಕಲು ಹೋಗಿ ಅರ್ಧಕ್ಕೇ ನಿಲ್ಲಿಸಿದ. ಹೇಳಬೇಕು, ಇವತ್ತೇ ಹೇಳಬೇಕು ಎಂದುಕೊಂಡ. ಹೇಳಿದರೆ ಅವಳು ಸಹಿ ಹಾಕದಿರಬಹುದು. ಆಫೀಸಿಗೆ ಬರೆಯಬಹುದು. ಕೇಬಲ್ ಎಣಿಸುವುದಿರಲಿ, ಮನೆಯಲ್ಲಿ ಕೂರಬೇಕಾದೀತು. ನಾಳೆ ಸಹಿ ಹಾಕಿಸಿಕೊಂಡ ಮೇಲೆ ಹೇಳಿದರಾಯಿತು ಎಂದು ಒಳಗಿನಿಂದ ಯಾರೋ ಮೆಲ್ಲಗೆ ಅಂದರು. ಆ ದನಿ ಅವನಿಗೆ ಚೆನ್ನಾಗಿ ಪರಿಚಯ. ವಿಚಾರಣೆಯ ಕೋಣೆಯಲ್ಲಿ ‘ದೊಡ್ಡದು ಮಾಡ್ಬೇಡಿ’ ಎಂದದ್ದೂ ಅದೇ ದನಿ.

"ಈಗ ನೀವೆಲ್ಲ ಮಾಡಿ" ಎಂದಳು ಮೇಡಂ. ಎಲ್ಲರಿಗೂ ಒಂದೊಂದು ವರ್ಚುವಲ್ ಯಂತ್ರ ಕೊಟ್ಟಿದ್ದಳು. ಸ್ನಾಪ್‌ಶಾಟ್ ತೆಗೆಯಬೇಕು, ಒಂದು ಕಡತ ಸೇರಿಸಬೇಕು, ಆಮೇಲೆ ಸ್ನಾಪ್‌ಶಾಟ್ ಅಳಿಸಿ ಕಡತ ಉಳಿದಿದೆಯೇ ನೋಡಬೇಕು. ಉಳಿಯುವುದಿಲ್ಲ ಎಂದು ದೊಡ್ಡಣ್ಣ ಹೋದ ಪರೀಕ್ಷೆಯಲ್ಲಿ ಬರೆದಿದ್ದ. ಇಪ್ಪತ್ತಮೂರು ವರ್ಷದ ಅನುಭವ ಇಟ್ಟುಕೊಂಡು ಮೊದಲ ಪಾಠದ ಪ್ರಶ್ನೆ ತಪ್ಪು ಮಾಡಿದ್ದ. ಟೋಪಿಯವನು ಬಗ್ಗಿ ಹೇಳಿಕೊಟ್ಟ: "ಇಲ್ಲ ಸಾರ್, ಅಳಿಸಿದ್ರೆ ಆಮೇಲೆ ಆಗಿದ್ದೆಲ್ಲ ಮೂಲಕ್ಕೇ ಸೇರ್ಕೊಳ್ಳುತ್ತೆ. ವಾಪಸು ಹೋಗೋ ದಾರಿ ಮಾತ್ರ ಮುಚ್ಚುತ್ತೆ." ಹೌದಲ್ಲ ಎಂದು ತಲೆಯಾಡಿಸಿದ. ಮನಸ್ಸು ಇನ್ನೂ ಚಪ್ಪಾಳೆಯಲ್ಲೇ ಇತ್ತು. ಹೆಸರು ಕೊಡಿ ಎಂದು ಪರದೆ ಕೇಳಿತು, ಬೆರಳು ಕೊಟ್ಟವು. ಒತ್ತಿದ ಮೇಲೆ ನೋಡಿದ: ‘ಸದ್ಯಕ್ಕೆ’. ಗಡಬಡಿಸಿ ಅಳಿಸಿ, ಮತ್ತೆ ತೆಗೆದು, ‘ಅಭ್ಯಾಸ ಒಂದು’ ಎಂದು ಇಟ್ಟ. ತಲೆ ಎತ್ತಿದಾಗ ಮೇಡಂ ತನ್ನ ಮೇಜಿನಲ್ಲಿ ಕೂತಿದ್ದಳು. ಹನ್ನೆರಡು ಜನ ಮಾಡುವುದೆಲ್ಲ ಸಾಲುಸಾಲಾಗಿ ಅವಳ ಪರದೆಯಲ್ಲಿ ಬೀಳುತ್ತದೆ ಎಂದು ಮೊದಲ ದಿನವೇ ಹೇಳಿದ್ದಳು. ಅವಳು ಪರದೆಯನ್ನೇ ನೋಡುತ್ತಿದ್ದಳು. ಯಾರೋ ಏನೋ ಕೇಳಿದರು, ಅವಳಿಗೆ ಕೇಳಿಸಲಿಲ್ಲ. ಎರಡನೆಯ ಸಲ ಕೇಳಿದಾಗ "ಹಾಂ?" ಎಂದು ಎದ್ದು ಹೋದಳು.

ನೋಡಿಲ್ಲ ಎಂದುಕೊಂಡ. ನೋಡಿದ್ದರೂ ಗೊತ್ತಾಗಿಲ್ಲ. ಗೊತ್ತಾಗಿದ್ದರೆ ಇಷ್ಟು ಸುಮ್ಮನಿರುತ್ತಿದ್ದಳೇ? ಊಟದ ಬಿಡುವಿನಲ್ಲಿ ಅವಳು ಒಬ್ಬಳೇ ಕಿಟಕಿಯ ಬಳಿ ನಿಂತಿದ್ದಳು. ದೊಡ್ಡಣ್ಣ ಡಬ್ಬಿ ಹಿಡಿದು ಎರಡು ಸಲ ಎದ್ದ, ಎರಡು ಸಲ ಕೂತ. ಮೂರನೆಯ ಸಲ ಅವಳ ಹತ್ತಿರದವರೆಗೂ ಹೋಗಿ, "ಏಸಿ ಸ್ವಲ್ಪ ಜಾಸ್ತಿ ಆಯ್ತು ಅನ್ಸುತ್ತೆ" ಎಂದ. "ಕಮ್ಮಿ ಮಾಡಿಸ್ತೀನಿ" ಎಂದಳು. ಅವಳು ಅವನ ಮುಖವನ್ನೇ ನೋಡುತ್ತ ಇನ್ನೂ ಒಂದು ಕ್ಷಣ ಕಾದಳು. ಅವನು ಏಸಿಯ ಕಡೆ ನೋಡಿದ. ನಾಲ್ಕು ಗಂಟೆಯ ಟೀ ಹೊತ್ತಿನಲ್ಲಿ ಅವಳೇ ಲೋಟ ಹಿಡಿದು ಬಂದು ಪಕ್ಕದಲ್ಲಿ ನಿಂತಳು. ಈಗ ಹೇಳು, ಈಗ ಹೇಳು ಎಂದುಕೊಳ್ಳುತ್ತ ಮಗಳು ಯಾವ ಕ್ಲಾಸಿನಲ್ಲಿದ್ದಾಳೆ ಎಂಬುದನ್ನೆಲ್ಲ ಅವಳಿಗೆ ವಿವರವಾಗಿ ಹೇಳಿದ. ಹೌದಾ, ಹೌದಾ ಎಂದು ಕೇಳಿಸಿಕೊಂಡಳು. ಆ ದಿನ ಅವಳು ಮನೆಗೆ ಫೋನ್ ಮಾಡಲಿಲ್ಲ ಎಂಬುದನ್ನು ಅವನು ಗಮನಿಸಿದ, ಆದರೆ ಅದರ ಅರ್ಥ ಅವನಿಗೆ ಹೊಳೆಯಲಿಲ್ಲ.

ಐದೂವರೆಗೆ ಕ್ಲಾಸು ಮುಗಿಯಿತು. ಎಲ್ಲರೂ ದಡದಡನೆ ಇಳಿದು ಹೋದರು. ದೊಡ್ಡಣ್ಣ ಮೆಟ್ಟಿಲ ತಿರುವಿನಲ್ಲಿ ಚೀಲದ ಜಿಪ್ಪು ಎಳೆಯುತ್ತ, ತೆಗೆಯುತ್ತ ನಿಂತ. ಮಾತು ಸಿದ್ಧ ಮಾಡಿಕೊಂಡಿದ್ದ. ಅವಳು ಬೀಗ ಮೂರು ಸಲ ಜಗ್ಗಿ, ಇಳಿದು, ಮತ್ತೆ ಹತ್ತಲು ಹೊರಟಾಗ, ‘ಹಾಕಿದೆ, ಹೋಗ್ಬೇಡಿ. ಅವತ್ತೂ ನೀವು ಮರೆತಿರಲಿಲ್ಲ’ ಎನ್ನಬೇಕು. ಮಾತು ಚೆನ್ನಾಗಿದೆ ಎಂದೂ ಅನಿಸಿತ್ತು, ಹಾಗನಿಸಿದ್ದಕ್ಕೆ ತನ್ನ ಮೇಲೆ ತನಗೇ ಹೇಸಿಗೆಯಾಯಿತು. ಮೇಲೆ ಬಾಗಿಲು ಮುಚ್ಚಿತು. ಬೀಗ ಕಚ್ಚಿಕೊಂಡ ಸದ್ದು. ಒಂದು ಸಲ ಜಗ್ಗಿದ ಸದ್ದು. ಅವನು ಎರಡನೆಯದಕ್ಕೆ ಕಾದ. ಚಪ್ಪಲಿಯ ಸಪ್ಪಳ ಇಳಿದು ಬಂತು, ಅವನನ್ನು ದಾಟಿತು, ಕೆಳಗಿನ ಮೆಟ್ಟಿಲಿಗೆ ಕಾಲಿಟ್ಟಿತು. ಕಾದು ಕೂತಿದ್ದ ಮಾತು ಕೈಕೊಟ್ಟು, ಬಾಯಿಗೆ ಬಂದದ್ದು ಇಷ್ಟೇ: "ಬೀಗ... ನೋಡಲ್ವಾ?"

ಅವಳು ನಿಂತಳು. "ಹಾಕಿದೀನಿ. ನನಗೆ ನೆನಪಿದೆ."

ಎಂಟು ವರ್ಷ ಹೊರಬರದ ಮಾತು ಈಗ ಯಾರೂ ಕೇಳದೆಯೇ ಜಾರಿ ಬಿತ್ತು. "ಅದು ನಾನು" ಎಂದ.

"ಗೊತ್ತು. ಬೆಳಿಗ್ಗೆ ನೋಡಿದೆ. ಊಟದ ಹೊತ್ತಿಗೆ ಹೇಳ್ತೀರ ಅಂದ್ಕೊಂಡೆ. ಆಮೇಲೆ ಟೀ ಹೊತ್ತಿಗೆ ಅಂದ್ಕೊಂಡೆ." ದನಿಯಲ್ಲಿ ಸಿಟ್ಟಿರಲಿಲ್ಲ, ಸಿಟ್ಟಿದ್ದರೆ ಅವನಿಗೆ ಹಿಡಿದುಕೊಳ್ಳಲು ಏನಾದರೂ ಇರುತ್ತಿತ್ತು. "ನಾನು ಯಾವತ್ತೂ ತಾರೀಖು ಹಾಕಿ ಹೆಸರಿಡೋದು. ಈ ಹೆಸರು ನಾನ್ಯಾಕೆ ಇಟ್ಟೆ ಅಂತ ಎಷ್ಟು ಸಲ ಯೋಚನೆ ಮಾಡಿದೀನಿ ಗೊತ್ತಾ? ಡಾಕ್ಟರ್ ಹತ್ರಾನೂ ಹೋಗಿದ್ದೆ, ಮರೆವಿಗೆ. ಇಪ್ಪತ್ತೇಳು ವರ್ಷಕ್ಕೆ." ಅವಳು ಕೈಯಲ್ಲಿದ್ದ ಬೀಗದ ಕೈಯನ್ನು ಚೀಲಕ್ಕೆ ಹಾಕಿದಳು. "ಒಂದು ಕೇಳ್ತೀನಿ. ಪತ್ರ ತಿದ್ದುವಾಗ ಗೊತ್ತಿತ್ತಾ ನಿಮಗೆ?"

ಇಲ್ಲ, ಆಗ ಗೊತ್ತಿರಲಿಲ್ಲ, ಆಮೇಲೆ ಹೊಳೆಯಿತು: ಇಷ್ಟೂ ಅವನ ನಾಲಿಗೆಯ ತುದಿಯಲ್ಲೇ ತಯಾರಾಗಿತ್ತು. ಯಾರು ನೋಡಿದ್ದಾರೆ? ಯಾವ ಲಾಗಿನಲ್ಲೂ ಇಲ್ಲ. ಅವಳು ನಂಬಿದರೆ ಅಣ್ಣ ಅಣ್ಣನಾಗಿಯೇ ಉಳಿಯಬಹುದು, ನಾಳೆ ಸಹಿಯೂ ಆಗಬಹುದು. ಅವನು ಹಸಿರು ಪೆನ್ನಿನ ಕ್ಯಾಪು ತೆಗೆದದ್ದು, ‘ಬಹುಶಃ’ ಎಂಬ ಪದದ ಮೇಲೆ ಒಂದು ಗೆರೆ ಎಳೆದದ್ದು, ಸಾಲದೆಂದು ಇನ್ನೊಂದು ಎಳೆದದ್ದು, ಆಗ ಅವಳು ಹತ್ತಿರ ಬಗ್ಗಿ ನೋಡುತ್ತಿದ್ದದ್ದು ಎಲ್ಲ ಕಣ್ಣಿಗೆ ಕಟ್ಟಿತು. "ಗೊತ್ತಿತ್ತು" ಎಂದ.

ಕೆಳಗೆ ಯಾರೋ ಗೇಟನ್ನು ದಬ್ಬಿ ಮುಚ್ಚಿದರು. "ಅದನ್ನೇ ಬರ್ಕೊಂಡು ಬನ್ನಿ ನಾಳೆ" ಎಂದಳು ಕೊನೆಗೆ. "ಒಂದು ಪುಟ ಸಾಕು. ನನ್ನ ಪತ್ರದ ಪಕ್ಕದಲ್ಲಿ ತೋರಿಸ್ತೀನಿ. ತಿದ್ದೋದಕ್ಕೆ ಮಾತ್ರ ನನ್ನ ಹತ್ರ ಬರ್ಬೇಡಿ." ಎರಡು ಮೆಟ್ಟಿಲು ಇಳಿದು, "ಪರೀಕ್ಷೆಯ ಸಹಿ ನಾನು ಹಾಕ್ತೀನಿ, ಅದು ಬೇರೆ ವಿಷಯ. ಕ್ಲಾಸು ಒಂಬತ್ತಕ್ಕೆ" ಎಂದಳು. ಅಣ್ಣ ಎನ್ನಲಿಲ್ಲ. ಅವನು ಆ ಪದಕ್ಕಾಗಿ ಕಾದುಕೊಂಡೇ ನಿಂತಿದ್ದ. ಕೆಳಗಿನ ಬಾಗಿಲು ತೆರೆದು ಮುಚ್ಚಿದ ಸದ್ದು ಕೇಳಿತು. ಅವಳು ವಾಪಸು ಹತ್ತಿ ಬರುತ್ತಾಳೇನೋ ಎಂದು ಸ್ವಲ್ಪ ಹೊತ್ತು ನೋಡಿದ. ಬರಲಿಲ್ಲ.

ಅಲ್ಲೇ ಮೆಟ್ಟಿಲ ಮೇಲೆ ಕೂತ. ತಿರುವಿನ ಕಿಟಕಿಯಿಂದ ಇನ್ನೂ ಬೆಳಕಿತ್ತು. ಮನೆಗೆ ಹೋದರೆ ಹೆಂಡತಿ ಇವತ್ತು ಏನು ಕಲಿತೆ ಎಂದು ಕೇಳುತ್ತಾಳೆ. ಅವಳಿಗೂ ಹೇಳಬೇಕು, ಅವಳು ಅಕ್ಕನಿಗೆ ಹೇಳುತ್ತಾಳೆ. ಚೀಲದಿಂದ ತರಬೇತಿಯ ನೋಟ್‌ಬುಕ್ ತೆಗೆದು ತೊಡೆಯ ಮೇಲಿಟ್ಟುಕೊಂಡ. ಬರೆಯುವುದು ಮೂರು ಸಾಲು, ಮೂರೂ ಗೊತ್ತು. ಪೆನ್ನು ಊರಿದ. ಊರಿ ಕಣ್ಣು ಹಾಯಿಸಿದರೆ ಕೈ ಆಗಲೇ ಒಂದು ಪದ ಬರೆದಿತ್ತು: ‘ಬಹುಶಃ’. ಅದರ ಮೇಲೆ ಒಂದು ಗೆರೆ ಎಳೆಯಲು ಅವನಿಗೆ ತುಂಬ ಹೊತ್ತು ಹಿಡಿಯಿತು.